ಕಾಮನಬಿಲ್ಲಿನ ಬಾವುಟ ಹಿಡಿದ ನಮ್ಮ ಜನಪ್ರತಿನಿಧಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಶಾಸಕರೇ, ಸಚಿವರೇ, ಮಾಜಿ ಕಾರ್ಪೊರೇಟರುಗಳೇ, ಪಾಲಿಕೆ ಚುನಾವಣೆಗೆ ನಿಲ್ಲೋ ಎಲ್ಲಾ ಪಕ್ಷದ ಮುಖಂಡರೇ,

ನಮಸ್ಕಾರ.

ನಾನೊಬ್ಬ ಗೇ, ಅಂದ್ರೆ ಗಂಡಸನ್ನ ಪ್ರೀತಿಸೋ ಗಂಡಸು. ಬೆಂಗಳೂರಿನ ಮತದಾರರ ಪಟ್ಟೀಲಿ ಹೆಸರಿರೋ, ಪ್ರತಿ ಚುನಾವಣೇಲೂ ಬೂತಿಗೆ ಹೋಗಿ ವೋಟ್ ಹಾಕಿ ಬರೋ ಮನುಷ್ಯ. ಈ ಪತ್ರ ನಮ್ಮನ್ನ ಕಂಡ್ರೆ ಆಗದೇ ಇರೋ ರಾಜಕಾರಣಿಗಳಿಗಲ್ಲ, ಅವರ ಹತ್ರ ಆಡಬೇಕಾದ ಮಾತು ಬೇರೆ ಇದೆ. ಇದು ನಾನು ನಿಮ್ಮ ಪರ ಇದೀನಿ ಅಂತ ನಮ್ಮ ಮುಂದೆ ನಿಂತು ಹೇಳಿರೋ ನಿಮಗೆ, ಪ್ರೈಡ್ ಅನ್ನೋ ನಮ್ಮ ಸಮುದಾಯದ ಮೆರವಣಿಗೆ ಸಮಯಕ್ಕೆ ಪ್ರೊಫೈಲ್ ಫೋಟೋಗೆ ಕಾಮನಬಿಲ್ಲಿನ ಬಣ್ಣ ಹಚ್ಚಿರೋ ನಿಮಗೆ, ನಮ್ಮ ಕಾರ್ಯಕ್ರಮಕ್ಕೆ ಬಂದು ಬಾವುಟ ಹಿಡಿದು ಫೋಟೋ ತೆಗೆಸ್ಕೊಂಡಿರೋ ನಿಮಗೆ.

ಮೊದಲು ಒಂದು ಮಾತು ಹೇಳ್ಬಿಡ್ತೀನಿ, ನೀವು ಬಂದಿದ್ದು ನಮಗೆ ಖುಷಿ ಆಗಿದೆ, ಅದು ಸುಳ್ಳಲ್ಲ. ಇಲ್ಲಿ ಪ್ರೈಡ್ ಮೆರವಣಿಗೆ ಶುರುವಾಗಿದ್ದು 2008ರಲ್ಲಿ. ಆಗ ನಮ್ಮ ಸಂಬಂಧವನ್ನೇ ಅಪರಾಧ ಅನ್ನೋ ಐಪಿಸಿ 377ನೇ ಸೆಕ್ಷನ್ ಇನ್ನೂ ಜೀವಂತ ಇತ್ತು, ಮನೆಯೋರು ನೋಡ್ಬಿಟ್ರೆ ಅಂತ ಮುಖವಾಡ ಹಾಕ್ಕೊಂಡು ನಡೆದೋರು ಇದ್ರು, ರಾಜಕಾರಣಿಗಳ ಮುಖ ಅಲ್ಲಿ ಕಾಣೋದೇ ಅಪರೂಪ. ಅಂಥಾ ಜಾಗಕ್ಕೆ ಒಬ್ಬ ಶಾಸಕ ಬಂದು ನಿಂತ ಅಂದ್ರೆ ಅದು ಸಣ್ಣ ವಿಷಯ ಅಲ್ಲ. ನಿಮ್ಮ ಫೋಟೋನ ಯಾವುದೋ ತಾಲ್ಲೂಕಿನ ಪಿಯುಸಿ ಹುಡುಗ ಫೋನಲ್ಲಿ ನೋಡಿ, ಪರವಾಗಿಲ್ಲ ನಮ್ಮನ್ನೂ ಮನುಷ್ಯರು ಅನ್ನೋರು ಇದಾರೆ ಅಂತ ಒಂದು ರಾತ್ರಿ ನಿದ್ದೆ ಮಾಡಿದ್ರೂ ಸಾಕು, ಆ ಫೋಟೋಗೆ ಬೆಲೆ ಇದೆ. ಆದ್ರೆ ಆ ಹುಡುಗ ನಾಳೆ ಬೆಳೆದು ಆಸ್ಪತ್ರೆಗೋ ಪೊಲೀಸ್ ಸ್ಟೇಷನ್ನಿಗೋ ಹೋದಾಗ ಆ ಫೋಟೋ ಅವನ ಜೊತೆ ಬರಲ್ಲ, ಆದೇಶದ ಒಂದು ಪ್ರತಿ ಬೇಕಾಗುತ್ತೆ. ಅದನ್ನ ಕೊಡೋ ಜಾಗದಲ್ಲಿ ಕೂತಿರೋರು ನೀವು.

ನಮ್ಮ ಒಂದು ಕಾರ್ಯಕ್ರಮಕ್ಕೆ ಬಂದಿದ್ದ ಒಬ್ಬ ಶಾಸಕರು ಮೈಕ್ ಹಿಡಿದು ಮುಂದಿನ ಅಧಿವೇಶನದಲ್ಲಿ ನಿಮ್ಮ ವಿಷಯ ಎತ್ತುತೀನಿ ಅಂದ್ರು, ಎಲ್ಲರೂ ಎದ್ದು ನಿಂತು ಚಪ್ಪಾಳೆ ಹೊಡೆದ್ವಿ, ನಾನೂ ಹೊಡೆದೆ. ಅದಾದ ಮೇಲೆ ನಾವು ಕೆಲವರು ಒಂದು ಮನವಿ ಪತ್ರ ಬರ್ಕೊಂಡು ಅವರ ಕಚೇರಿಗೆ ಹೋದ್ವಿ. ಪಿಎ ಅವರು ಚೆನ್ನಾಗೇ ಮಾತಾಡ್ಸಿದ್ರು, ಕೂರಿಸಿದ್ರು, ಪತ್ರ ತಗೊಂಡ್ರು, ಆಮೇಲೆ ಸರ್ ಇದು ಸೆಂಟ್ರಲ್ ಗವರ್ನಮೆಂಟ್ ವಿಷಯ ಅಲ್ವಾ, ನಮ್ಮ ಸಾಹೇಬ್ರ ಕೈಲಿ ಏನಿದೆ, ಮೇಲಾಗಿ ಎಲೆಕ್ಷನ್ ಟೈಮು, ಕ್ಷೇತ್ರದಲ್ಲಿ ಬೇರೆ ಥರ ಅರ್ಥ ಮಾಡ್ಕೋತಾರೆ ಅಂದ್ರು. ಅಧಿವೇಶನ ನಡೀತು, ಮುಗೀತು. ನಮ್ಮ ಮನವಿಗೆ ಒಂದು ಸಾಲಿನ ಹಿಂಬರಹ ಕೂಡ ಬರಲಿಲ್ಲ. ಆ ಶಾಸಕರ ಹೆಸರು ಇಲ್ಲಿ ಬರೆಯಲ್ಲ, ಯಾಕಂದ್ರೆ ಬೇರೆ ಕ್ಷೇತ್ರದ ಗೆಳೆಯರೂ ಇದೇ ಉತ್ತರ ತಗೊಂಡು ವಾಪಸ್ ಬಂದಿದಾರೆ, ಒಬ್ಬರ ಮೇಲೆ ಹಾಕಿ ಮುಗಿಸೋ ವಿಷಯ ಅಲ್ಲ ಇದು.

ಇದು ದೆಹಲಿ ವಿಷಯ ಅನ್ನೋ ಮಾತನ್ನೇ ಹಿಡ್ಕೊಂಡು ಸ್ವಲ್ಪ ಮಾತಾಡ್ಬೇಕು. ಸಂವಿಧಾನದ ಏಳನೇ ಷೆಡ್ಯೂಲ್ ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ, ಪೊಲೀಸು ರಾಜ್ಯ ಪಟ್ಟೀಲಿದೆ, ಆಸ್ಪತ್ರೆ ರಾಜ್ಯ ಪಟ್ಟೀಲಿದೆ. ಮದುವೆ ವಿಚ್ಛೇದನ ಕೂಡ ಬರೀ ಕೇಂದ್ರದ್ದಲ್ಲ, ಸಮವರ್ತಿ ಪಟ್ಟೀಲಿದೆ. ಇನ್ನು ಕೇಂದ್ರ ತೀರ್ಮಾನ ಮಾಡೋ ವಿಷಯದ ಬಗ್ಗೆನೂ ನೀವು ಸುಮ್ನೆ ಕೂತಿಲ್ಲ, 2024ರ ಜುಲೈನಲ್ಲಿ ನೀಟ್ ಬೇಡ ಅಂತ, ಒಂದು ದೇಶ ಒಂದು ಚುನಾವಣೆ ಬೇಡ ಅಂತ ವಿಧಾನಸಭೇಲಿ ನಿರ್ಣಯ ಪಾಸ್ ಮಾಡಿದ್ರಿ. ಅಂದ್ರೆ ಬೇಕು ಅನ್ನಿಸಿದ್ರೆ ದೆಹಲಿಗೆ ಕೇಳೋ ಹಾಗೆ ಮಾತಾಡೋಕೆ ಬರುತ್ತೆ. ನಮ್ಮ ವಿಷಯಕ್ಕೆ ಮಾತ್ರ ಯಾಕೆ ಆಗಲ್ಲ ಅಂತ ಕೇಳೋ ಹಕ್ಕು ನನಗಿದೆ ಅಂದ್ಕೊಂಡಿದೀನಿ.

ನಮ್ಮ ಪಾಲಿಗೆ ಇಷ್ಟು ವರ್ಷದಲ್ಲಿ ಸಿಕ್ಕಿರೋದೆಲ್ಲಾ ಹೆಚ್ಚುಕಮ್ಮಿ ಕೋರ್ಟಿಂದ ಸಿಕ್ಕಿರೋದು, ನೀವು ಕೂತಿರೋ ಸದನಗಳಿಂದ ಅಲ್ಲ. 2009ರ ಜುಲೈ 2ಕ್ಕೆ ದೆಹಲಿ ಹೈಕೋರ್ಟ್ ಒಪ್ಪಿಗೆಯ ಸಂಬಂಧ ಅಪರಾಧ ಅಲ್ಲ ಅಂದಿತು, 2013ರ ಡಿಸೆಂಬರ್ 11ಕ್ಕೆ ಸುಪ್ರೀಂ ಕೋರ್ಟ್ ಅದನ್ನ ತಿರುಗಿಸಿ, ಕಾನೂನು ಬದಲಾಯಿಸ್ಬೇಕಾದ್ರೆ ಸಂಸತ್ತು ಬದಲಾಯಿಸ್ಲಿ ಅಂದಿತು. ಸಂಸತ್ತು ಏನು ಮಾಡ್ತು? 2015ರ ಡಿಸೆಂಬರಲ್ಲಿ ಶಶಿ ತರೂರ್ ಅವರು 377 ತಿದ್ದೋಕೆ ಒಂದು ಖಾಸಗಿ ಮಸೂದೆ ತಂದಾಗ ಅದನ್ನ ಮಂಡಿಸೋಕೇ ಬಿಡಲಿಲ್ಲ, ಬೇಡ ಅಂದೋರು 71, ಬೇಕು ಅಂದೋರು 24. ಲೋಕಸಭೇಲಿ ಐನೂರಕ್ಕೂ ಹೆಚ್ಚು ಜನ ಇದಾರೆ, ಮಿಕ್ಕೋರಲ್ಲಿ ಹೆಚ್ಚುಕಮ್ಮಿ ಎಲ್ಲರೂ ಆ ಹೊತ್ತಿಗೆ ಸದನದಲ್ಲೇ ಇರಲಿಲ್ಲ. 2016ರ ಮಾರ್ಚಲ್ಲಿ ಮತ್ತೆ ತಂದ್ರು, 58ಕ್ಕೆ 14. ವಿರೋಧ ಮಾಡಿದ 71 ಜನರ ಮೇಲಿನ ಸಿಟ್ಟಿಗಿಂತ ನನಗೆ ಬರದೇ ಇದ್ದೋರ ಮೇಲೆ ಸಿಟ್ಟು ಜಾಸ್ತಿ, ಈಗ್ಲೂ ಇದೆ. ಕೊನೆಗೆ 2018ರ ಸೆಪ್ಟೆಂಬರ್ 6ಕ್ಕೆ ಐದು ಜನ ನ್ಯಾಯಮೂರ್ತಿಗಳು ಒಮ್ಮತದಿಂದ ಆ ಸೆಕ್ಷನ್ನಿಂದ ನಮ್ಮನ್ನ ಬಿಡಿಸಿದ್ರು. ಅದಕ್ಕೆ ಹಿಂದಿನ ವರ್ಷ ಖಾಸಗಿತನ ಮೂಲಭೂತ ಹಕ್ಕು ಅಂತ ತೀರ್ಪು ಬಂದಿದ್ದೇ ದೊಡ್ಡ ಆಧಾರ ಆಯ್ತು, ಆ ಕೇಸ್ ಹಾಕಿದ್ದೋರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು, ಆಧಾರ್ ವಿಚಾರಕ್ಕೆ ಅಂತ ಹಾಕಿದ ಕೇಸು ನಮ್ಮನ್ನೂ ಕಾಪಾಡ್ತು.

2023ರ ಅಕ್ಟೋಬರ್ 17ಕ್ಕೆ ಒಂದೇ ಲಿಂಗದೋರ ಮದುವೆ ಕೇಸಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಅದೇ ಹೇಳ್ತು, ಇದನ್ನ ತೀರ್ಮಾನ ಮಾಡ್ಬೇಕಾದ್ದು ಶಾಸಕಾಂಗ ಅಂತ. ಹೀಗೆ ಹತ್ತು ವರ್ಷದ ಅಂತರದಲ್ಲಿ ಎರಡು ಸಲ ಕೋರ್ಟು ನಿಮ್ಮ ಕಡೆ ಕೈ ತೋರಿಸಿದೆ. ಅವತ್ತು ಸಂಜೆ ನಿಮ್ಮಲ್ಲಿ ಕೆಲವರು ಬೇಸರ ಆಯ್ತು, ಪ್ರೀತಿಗೇ ಜಯ ಆಗುತ್ತೆ ಅಂತ ಪೋಸ್ಟ್ ಹಾಕಿದ್ರಿ. ನಾನು ಅದನ್ನ ಓದಿ ತುಂಬಾ ಹೊತ್ತು ಸುಮ್ನೆ ಕೂತಿದ್ದೆ, ಯಾಕಂದ್ರೆ ತೀರ್ಪು ಹೇಳಿದ್ದು ಇದನ್ನ ಮಾಡ್ಬೇಕಾದೋರು ನೀವು ಅಂತ, ನೀವು ನಮ್ಮ ಜೊತೆ ಕೂತು ಬೇಸರ ಪಡೋದಲ್ಲ.

ಕರ್ನಾಟಕದಲ್ಲಿ ನಾವು ಎಷ್ಟೋ ಮಾಡಿದೀವಿ ಅಂತ ನೀವು ಹೇಳೋದನ್ನ ಕೇಳಿದೀನಿ. ಮಾಡಿದೀರ, ಇಲ್ಲ ಅನ್ನಲ್ಲ. ಟ್ರಾನ್ಸ್‌ಜೆಂಡರ್ ಸಮುದಾಯಕ್ಕೆ ಪಿಂಚಣಿ ಕೊಡೋ ಮೈತ್ರಿ ಯೋಜನೆ ಇದೆ, 2017ರ ರಾಜ್ಯ ಟ್ರಾನ್ಸ್‌ಜೆಂಡರ್ ನೀತಿ ಇದೆ, 2021ರಲ್ಲಿ ಸರ್ಕಾರಿ ನೌಕರೀಲಿ ಶೇಕಡಾ 1 ಮೀಸಲಾತಿ ಕೊಟ್ಟ ಮೊದಲ ರಾಜ್ಯ ನಮ್ಮದು, 2023ರಿಂದ ಶಕ್ತಿ ಯೋಜನೇಲಿ ಟ್ರಾನ್ಸ್‌ಜೆಂಡರ್ ಸಮುದಾಯಕ್ಕೂ ಬಸ್ ಉಚಿತ. ಮಂಜಮ್ಮ ಜೋಗತಿ ಅವರು ಜಾನಪದ ಅಕಾಡೆಮಿ ಅಧ್ಯಕ್ಷೆ ಆಗಿದ್ದು, ಪದ್ಮಶ್ರೀ ತಗೊಳ್ಳೋವಾಗ ರಾಷ್ಟ್ರಪತಿಗಳಿಗೆ ಸೆರಗಿಂದ ದೃಷ್ಟಿ ತೆಗೆದಿದ್ದು ನೋಡಿ ಎಲ್ಲರ ಥರ ನನ್ನ ಕಣ್ಣಲ್ಲೂ ನೀರು ಬಂತು. ಆದ್ರೆ ಎರಡು ವಿಷಯ ಮರೀಬೇಡಿ. ಆ ಶೇಕಡಾ 1 ತಾನಾಗೇ ಬಂದಿದ್ದಲ್ಲ, ಲೈಂಗಿಕ ಅಲ್ಪಸಂಖ್ಯಾತರ ಹಕ್ಕಿಗೆ ಕೆಲಸ ಮಾಡೋ ಸಂಗಮ ಸಂಸ್ಥೆಯೋರು ಹೈಕೋರ್ಟಿಗೆ ಹೋಗಿ ಹೋರಾಡಿದ ಮೇಲೆ ಬಂದಿದ್ದು. ಅದಕ್ಕೆ ಹತ್ತು ವರ್ಷ ಮುಂಚೆ, 2011ರಲ್ಲಿ, ಇದೇ ವಿಧಾನಮಂಡಲ ಪೊಲೀಸ್ ಕಾಯ್ದೆಗೆ 36ಎ ಅಂತ ಒಂದು ಸೆಕ್ಷನ್ ಸೇರಿಸಿ, ಅನುಮಾನ ಬಂದ್ರೆ ಸಾಕು ಟ್ರಾನ್ಸ್‌ಜೆಂಡರ್ ಸಮುದಾಯದೋರ ಹೆಸರು ವಿಳಾಸದ ರಿಜಿಸ್ಟರ್ ಇಡೋ ಅಧಿಕಾರ ಪೊಲೀಸರಿಗೆ ಕೊಟ್ಟಿತ್ತು. ಅದನ್ನೂ ಸಮುದಾಯದೋರೇ ಕೋರ್ಟಲ್ಲಿ ಪ್ರಶ್ನೆ ಮಾಡ್ಬೇಕಾಯ್ತು.

ಎರಡನೇದು ಏನಂದ್ರೆ, ನೀವು ಹೇಳೋ ಪಟ್ಟೀಲಿ ಗೇ, ಲೆಸ್ಬಿಯನ್ (ಹೆಂಗಸನ್ನ ಪ್ರೀತಿಸೋ ಹೆಂಗಸರು), ಬೈಸೆಕ್ಷುವಲ್ (ಇಬ್ಬರನ್ನೂ ಪ್ರೀತಿಸೋರು) ಜನಕ್ಕೆ ಅಂತ ಒಂದೂ ಇಲ್ಲ. ಟ್ರಾನ್ಸ್ ಅಕ್ಕಂದಿರಿಗೆ ಸಿಕ್ಕಿದ್ದು ಜಾಸ್ತಿ ಆಯ್ತು ಅಂತ ನಾನು ಹೇಳ್ತಿಲ್ಲ, ಅವರಿಗೆ ಸಿಗಬೇಕಾದ್ದು ಇನ್ನೂ ಬೇಕಾದಷ್ಟಿದೆ, ಅವರು ಬೀದೀಲಿ ಏಟು ತಿಂದು ಕಟ್ಟಿದ ದಾರೀಲೇ ನಾವು ನಡೀತಿರೋದು. ನಮ್ಮಿಬ್ಬರ ಕಷ್ಟಾನೂ ಒಂದೇ ಅಂತ ತಿಳ್ಕೊಂಡು ನಮ್ಮ ಪ್ರಶ್ನೆಗೆ ಮೈತ್ರಿ ಯೋಜನೆಯ ಉತ್ತರ ಕೊಡಬೇಡಿ ಅಂತಷ್ಟೇ ಕೇಳ್ತಿರೋದು. ನಮಗೆ ಪಿಂಚಣಿ ಬೇಡ. ಜೊತೇಲಿ ಬಾಳ್ತಿರೋ ಮನುಷ್ಯನ್ನ ಜೊತೇಲಿರೋ ಮನುಷ್ಯ ಅಂತ ಸರ್ಕಾರ ಒಪ್ಕೋಬೇಕು.

ಅದು ಯಾಕೆ ಬೇಕು ಅಂತ ಹೇಳ್ತೀನಿ. ನಾನೂ ನನ್ನ ಸಂಗಾತಿನೂ ಸುಮಾರು ವರ್ಷಗಳಿಂದ ಒಂದೇ ಮನೇಲಿ ಇದೀವಿ, ಬಾಡಿಗೆ ಕರಾರಲ್ಲಿ ಇಬ್ಬರ ಹೆಸರೂ ಇದೆ. ಒಂದು ರಾತ್ರಿ ಅವನಿಗೆ ಹೊಟ್ಟೆನೋವು ಜಾಸ್ತಿ ಆಗಿ ಆಸ್ಪತ್ರೆಗೆ ಕರ್ಕೊಂಡು ಹೋದೆ, ಅಪೆಂಡಿಕ್ಸ್, ತಕ್ಷಣ ಆಪರೇಷನ್ ಆಗ್ಬೇಕು ಅಂದ್ರು. ಕೌಂಟರಲ್ಲಿ ನೀವು ಏನಾಗ್ಬೇಕು ಅಂತ ಕೇಳಿದ್ರು. ನಾನು ಇದ್ದದ್ದು ಇದ್ದ ಹಾಗೆ ಹೇಳಿದೆ. ಆಕೆ ಒಂದು ಸಲ ನನ್ನ ಮುಖ ನೋಡಿ, ಅದೆಲ್ಲ ನಮಗೆ ಬೇಡ ಸರ್, ಬ್ಲಡ್ ರಿಲೇಷನ್ ಯಾರಾದ್ರೂ ಸೈನ್ ಹಾಕ್ಬೇಕು ಅಂದ್ರು. ಅವನಿಗೆ ಪ್ರಜ್ಞೆ ಇತ್ತು, ನಾನೇ ಹಾಕ್ತೀನಿ ಕೊಡಿ ಅಂತ ಸ್ಟ್ರೆಚರ್ ಮೇಲಿಂದಾನೇ ಹೇಳ್ತಿದ್ದ, ಅವನ ಮಾತನ್ನೂ ಕೇಳಲಿಲ್ಲ. ವಿಷಯ ಗೊತ್ತಾದಾಗಿಂದ ಮಾತು ಬಿಟ್ಟಿದ್ದ ಅವನ ಅಣ್ಣನಿಗೆ ನಡುರಾತ್ರೀಲಿ ನಾನು ಫೋನ್ ಮಾಡ್ಬೇಕಾಯ್ತು, ಆ ಮನುಷ್ಯ ಮೂರು ಸಲ ಕಟ್ ಮಾಡಿ ಆಮೇಲೆ ಎತ್ತಿದ್ರು, ವಾಟ್ಸಾಪಲ್ಲಿ ಒಪ್ಪಿಗೆ ಕಳಿಸಿದ್ರು, ಅಷ್ಟಾದ ಮೇಲೆ ಥಿಯೇಟರಿಗೆ ಕರ್ಕೊಂಡು ಹೋದ್ರು. ಅವನು ಈಗ ಚೆನ್ನಾಗಿದಾನೆ. ಆದ್ರೆ ಆ ಫೋನ್ ಎತ್ತದೇ ಇದ್ದಿದ್ರೆ ಅನ್ನೋ ಯೋಚನೆ ನನ್ನ ತಲೆಯಿಂದ ಇನ್ನೂ ಹೋಗಿಲ್ಲ.

ಇದಕ್ಕೆ ಸಂಸತ್ತಿನ ಕಾಯ್ದೆ ಬೇಕಾ? ನಮ್ಮ ರಾಜ್ಯದಲ್ಲೇ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಇದೆ, ಅದರಲ್ಲಿ ರೋಗಿಗಳ ಹಕ್ಕಿನ ಸನ್ನದು ಅಂತಾನೇ ಇದೆ. ಘನತೆಯಿಂದ ಸಾಯೋ ಹಕ್ಕಿನ ಬಗ್ಗೆ ಸುಪ್ರೀಂ ಕೋರ್ಟ್ ಹೇಳಿದ್ದನ್ನ ಜಾರಿ ಮಾಡೋಕೆ ಆರೋಗ್ಯ ಇಲಾಖೆ 2025ರ ಜನವರಿ 30ಕ್ಕೆ ಆದೇಶ ಹೊರಡಿಸ್ತು, ದೇಶದಲ್ಲಿ ಎಷ್ಟೋ ರಾಜ್ಯ ಇನ್ನೂ ಯೋಚನೆ ಮಾಡ್ತಿದ್ದಾಗ ನಮ್ಮೋರು ಮಾಡಿ ತೋರಿಸಿದ್ರು, ನನಗೆ ನಿಜವಾಗ್ಲೂ ಹೆಮ್ಮೆ ಆಯ್ತು. ಅದೇ ಇಲಾಖೆ, ಅದೇ ಥರದ ಒಂದು ಆದೇಶದಲ್ಲಿ, ರೋಗಿ ಯಾರ ಹೆಸರು ಬರ್ಕೊಡ್ತಾನೋ ಅವರನ್ನೇ ಜೊತೆಗಾರರು ಅಂತ ಒಪ್ಕೋಬೇಕು, ಅವರಿಗೆ ಮಾಹಿತಿ ಕೊಡ್ಬೇಕು, ಐಸಿಯು ಒಳಗೆ ನೋಡೋಕೆ ಬಿಡ್ಬೇಕು ಅಂತ ಬರೆದ್ರೆ ಯಾವ ದೆಹಲಿಯೋರು ತಡೀತಾರೆ? 2024ರ ಆಗಸ್ಟಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ರಾಜ್ಯಗಳಿಗೆ ಪತ್ರ ಬರೆದು, ಹತ್ತಿರದ ಸಂಬಂಧಿಕರು ಇಲ್ಲದಾಗ ಸತ್ತೋರ ದೇಹವನ್ನ ಅವರ ಸಂಗಾತಿ ಪಡೀಬಹುದು ಅಂತ ತಿಳಿಸಿದೆ. ಸತ್ತ ಮೇಲಿನ ಮಾತಾಯ್ತು ಅದು. ಬದುಕಿದ್ದಾಗ ನಮ್ಮನ್ನ ಯಾರು ಅಂತ ಒಪ್ಕೋತಾರೆ ಅನ್ನೋದು ಇವತ್ತಿಗೂ ಆ ರಾತ್ರಿ ಕೌಂಟರಲ್ಲಿ ಯಾರು ಕೂತಿದಾರೋ ಅವರ ಮೇಲೇ ನಿಂತಿದೆ. ಅದೇ ಸಮಯದಲ್ಲಿ ಕೇಂದ್ರದ ಆಹಾರ ಇಲಾಖೆನೂ ರೇಷನ್ ಕಾರ್ಡಲ್ಲಿ ಇಂಥ ಸಂಗಾತಿಗಳನ್ನ ಒಂದೇ ಮನೆಯೋರು ಅಂತ ಪರಿಗಣಿಸಿ ಅಂತ ರಾಜ್ಯಗಳಿಗೆ ಬರೆದಿದೆ. ನನ್ನ ಗೆಳತಿ ಒಬ್ಬಳು ಆ ಪ್ರಕಟಣೆಯ ಪ್ರಿಂಟ್ ತಗೊಂಡು ಒಂದು ಕಚೇರಿಗೆ ಹೋದ್ರೆ, ಅಲ್ಲಿದ್ದ ಸಿಬ್ಬಂದಿ ಇಂಥದ್ದು ನಮಗೆ ಬಂದೇ ಇಲ್ಲ ಅಂದು ವಾಪಸ್ ಕೊಟ್ರು. ದೆಹಲಿಯಿಂದ ಬಂದ ಕಾಗದ ಕೂಡ ಕೆಳಗೆ ಇಳಿದಿಲ್ಲ ಅಂದ್ರೆ, ಅದನ್ನ ಇಳಿಸೋ ಕೆಲಸ ಯಾರದ್ದು ಹೇಳಿ.

ಪೊಲೀಸ್ ವಿಷಯ ಇದಕ್ಕಿಂತ ಕಷ್ಟದ್ದು. ಬೇರೆ ಜಿಲ್ಲೆಯಿಂದ ಮನೆ ಬಿಟ್ಟು ಬಂದ ಇಬ್ಬರು ಹುಡುಗೀರು, ಇಬ್ಬರಿಗೂ ಹದಿನೆಂಟು ದಾಟಿತ್ತು, ಆಧಾರ್ ಕೈಲೇ ಇತ್ತು. ಮನೆಯೋರು ಮಿಸ್ಸಿಂಗ್ ಕಂಪ್ಲೇಂಟ್ ಕೊಟ್ಟಿದ್ರು. ಸ್ಟೇಷನ್ನಿಗೆ ಅವರ ಜೊತೆ ಹೋದೋರಲ್ಲಿ ನಾನೂ ಒಬ್ಬ. ನಾವು ಸ್ವಂತ ಇಷ್ಟದಿಂದ ಬಂದಿದೀವಿ ಅಂತ ಬರ್ಕೊಟ್ರೂ ಬಿಡಲಿಲ್ಲ, ಅಪ್ಪ ಅಮ್ಮ ಬರೋವರೆಗೂ ಕೂರಿಸಿದ್ರು, ಮಧ್ಯೆ ಮಧ್ಯೆ ಬುದ್ಧಿವಾದ, ಒಂದು ಮದುವೆ ಆದ್ರೆ ಎಲ್ಲಾ ಸರಿ ಹೋಗುತ್ತೆ ಅಂತ. ಸಂಜೆ ಹೊತ್ತಿಗೆ ಒಬ್ಬಳನ್ನ ಅಳ್ತಾ ಅಳ್ತಾ ಕಾರಿಗೆ ಹತ್ತಿಸಿದ್ರು. ಆಮೇಲೆ ಆ ಹುಡುಗಿ ಫೋನ್ ಸ್ವಿಚ್ ಆಫ್. ಹಿಂದೆ ಪ್ರೈಡಲ್ಲಿ ಕೈ ಕುಲುಕಿದ್ದ ಇಬ್ಬರು ಮುಖಂಡರಿಗೆ ನಾವು ಅವತ್ತು ಫೋನ್ ಮಾಡಿದ್ವಿ, ಒಬ್ಬರು ಎತ್ತಲಿಲ್ಲ, ಒಬ್ಬರು ಫ್ಯಾಮಿಲಿ ಮ್ಯಾಟರ್ ಅಲ್ವಾ, ನಾನು ಇನ್ವಾಲ್ವ್ ಆದ್ರೆ ಚೆನ್ನಾಗಿರಲ್ಲ ಅಂದ್ರು. ನಿಮ್ಮ ಬೆಂಬಲ ನಮಗೆ ಬೇಕಾಗಿದ್ದು ಅವತ್ತು, ಆ ಸ್ಟೇಷನ್ನಿಗೆ ಒಂದು ಫೋನ್ ಮಾಡಿ ಕಾನೂನು ಏನು ಹೇಳುತ್ತೋ ಹಾಗೆ ನಡ್ಕೊಳ್ಳಿ ಅಂದಿದ್ರೆ ಸಾಕಿತ್ತು.

ಕಾನೂನು ಏನು ಹೇಳುತ್ತೆ ಅನ್ನೋದೂ ಸ್ಪಷ್ಟ ಇದೆ. 2024ರ ಮಾರ್ಚಲ್ಲಿ ಕೇರಳದ ಒಂದು ಕೇಸಲ್ಲಿ ಸುಪ್ರೀಂ ಕೋರ್ಟ್ ಹೈಕೋರ್ಟುಗಳಿಗೇ ಮಾರ್ಗಸೂಚಿ ಕೊಟ್ಟು, ಕೂಡಿಹಾಕಿರೋರನ್ನ ಕೋರ್ಟಿಗೆ ಹಾಜರುಪಡಿಸಿ ಅಂತ ಕೇಳೋ ಇಂಥ ಹೇಬಿಯಸ್ ಕಾರ್ಪಸ್ ಅರ್ಜಿ ಬಂದಾಗ ಕೌನ್ಸೆಲಿಂಗ್ ಹೆಸರಲ್ಲಿ ಅವರ ಮನಸ್ಸು ಬದಲಾಯಿಸೋಕೆ ಹೋಗ್ಬೇಡಿ, ರಕ್ಷಣೆ ಕೇಳಿದ್ರೆ ಕೊಡಿ ಅಂದಿದೆ. ಪಕ್ಕದ ತಮಿಳುನಾಡು ನೋಡಿ. ಮದುರೆಯಿಂದ ಮನೆ ಬಿಟ್ಟು ಚೆನ್ನೈಗೆ ಬಂದ ಇಬ್ಬರು ಹೆಣ್ಮಕ್ಕಳ ಕೇಸು 2021ರಲ್ಲಿ ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಆನಂದ್ ವೆಂಕಟೇಶ್ ಅವರ ಮುಂದೆ ಬಂತು, ಈ ವಿಷಯ ನನಗೇ ಪೂರ್ತಿ ಗೊತ್ತಿಲ್ಲ ಅಂತ ಒಪ್ಕೊಂಡು ಅವರೇ ಮನಶ್ಶಾಸ್ತ್ರಜ್ಞರ ಹತ್ರ ಕೂತು ತಿಳ್ಕೊಂಡು ಆದೇಶ ಬರೆದ್ರು. ಅದರ ಬೆನ್ನಿಗೆ 2022ರಲ್ಲಿ ಅಲ್ಲಿನ ಸರ್ಕಾರ ಪೊಲೀಸರ ನಡತೆ ನಿಯಮಕ್ಕೇ ತಿದ್ದುಪಡಿ ತಂದು, ನಮ್ಮಂಥೋರಿಗೂ ನಮಗೆ ಸಹಾಯ ಮಾಡೋರಿಗೂ ಕಿರುಕುಳ ಕೊಡಬಾರದು ಅಂತ ಸೇರಿಸ್ತು. ನಿಯಮದಲ್ಲಿ ಒಂದು ಸಾಲು ಇದ್ರೆ ಕಾನ್‌ಸ್ಟೇಬಲ್ ಒಂದು ಸಲ ಯೋಚನೆ ಮಾಡ್ತಾನೆ. ಇಲ್ಲಿ ಡೇಟಿಂಗ್ ಆ್ಯಪಲ್ಲಿ ಪರಿಚಯ ಮಾಡ್ಕೊಂಡು, ಕರೆಸಿ, ವಿಡಿಯೋ ಮಾಡಿ ದುಡ್ಡು ಕಿತ್ಕೊಳ್ಳೋ ಗುಂಪುಗಳಿಗೆ ಸಿಕ್ಕಿಬಿದ್ದ ಹುಡುಗರು ನನಗೆ ಗೊತ್ತು, ಅವರಲ್ಲಿ ಯಾರೂ ಕಂಪ್ಲೇಂಟ್ ಕೊಟ್ಟಿಲ್ಲ, ಸ್ಟೇಷನ್ನಿಗೆ ಹೋದ್ರೆ ಮನೆಗೆ ಫೋನ್ ಮಾಡ್ತಾರೆ ಅನ್ನೋ ಭಯ. ಆ ಭಯಾನೇ ಆ ಗುಂಪುಗಳ ಬಂಡವಾಳ.

ನನಗೆ ತುಂಬಾ ನೋವು ಕೊಡೋ ಇನ್ನೊಂದು ವಿಷಯ ಇದೆ. ನೀವು ನಮ್ಮ ಪರ ಮಾತಾಡೋದು ಇಂಗ್ಲಿಷಲ್ಲಿ, ಟ್ವಿಟರಲ್ಲಿ, ಒಳ್ಳೊಳ್ಳೆ ಹೋಟೆಲ್ ಹಾಲಲ್ಲಿ ನಡೆಯೋ ಕಾರ್ಪೊರೇಟ್ ಕಾರ್ಯಕ್ರಮದಲ್ಲಿ. ಅದೇ ವಾರ ನಿಮ್ಮ ಕ್ಷೇತ್ರದ ಸಭೇಲಿ, ಕನ್ನಡದಲ್ಲಿ, ನಿಮಗೆ ವೋಟ್ ಹಾಕೋ ಜನರ ಮುಂದೆ ಈ ವಿಷಯದಲ್ಲಿ ಒಂದು ಅಕ್ಷರ ಬರಲ್ಲ. ನಮ್ಮ ಅಪ್ಪ ಅಮ್ಮ ಇರೋದು ಆ ಎರಡನೇ ಸಭೇಲಿ ಸಾರ್. ನನ್ನಮ್ಮ ನಿಮ್ಮ ಟ್ವೀಟ್ ಓದಲ್ಲ, ನೀವು ಬಡಾವಣೆಗೆ ಬಂದಾಗ ಪ್ಲಾಸ್ಟಿಕ್ ಕುರ್ಚೀಲಿ ಕೂತು ನೀವು ಏನಂತೀರ ಅಂತ ಕೇಳ್ತಾಳೆ. ನೀವು ಅಲ್ಲಿ ರಸ್ತೆ, ನೀರು, ಒಳಚರಂಡಿ ಮಾತಾಡೋವಾಗ ಮಧ್ಯೆ ಒಂದೇ ಒಂದು ಸಲ, ನಿಮ್ಮ ಮಗನೋ ಮಗಳೋ ಹೀಗೆ ಅಂತ ಬಂದು ಹೇಳಿದ್ರೆ ಹೊಡೀಬೇಡಿ, ಆಚೆ ಹಾಕ್ಬೇಡಿ, ಸರಿ ಮಾಡ್ತೀನಿ ಅನ್ನೋ ಡಾಕ್ಟ್ರ ಹತ್ರ ಕರ್ಕೊಂಡು ಹೋಗ್ಬೇಡಿ ಅಂದ್ರೆ, ಅದು ನಮ್ಮ ಮೂವತ್ತು ಕಾರ್ಯಕ್ರಮಕ್ಕಿಂತ ಹೆಚ್ಚು ಕೆಲಸ ಮಾಡುತ್ತೆ. ಸರಿ ಮಾಡ್ತೀನಿ ಅನ್ನೋ ಆ ಚಿಕಿತ್ಸೆನ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ವೃತ್ತಿ ದುರ್ನಡತೆ ಅಂದಿದೆ, ಆದ್ರೂ ಬೋರ್ಡ್ ಹಾಕ್ಕೊಂಡು ನಡೆಸೋರು ಇದಾರೆ, ಮನೆಯೋರು ದುಡ್ಡು ಕಟ್ಟಿ ಮಕ್ಕಳನ್ನ ಕರ್ಕೊಂಡು ಹೋಗ್ತಾನೇ ಇದಾರೆ. ವೋಟು ಹೋಗ್ಬಿಡುತ್ತೆ ಅನ್ನೋ ನಿಮ್ಮ ಹೆದರಿಕೆ ನನಗೆ ಅರ್ಥ ಆಗುತ್ತೆ. ಆದ್ರೆ ನಾನು ಹೆದರಿಕೊಂಡೇ ನನ್ನಮ್ಮನಿಗೆ ಹೇಳಿದೆ, ನನ್ನ ಹತ್ರ ಕಳ್ಕೊಳ್ಳೋಕೆ ಇದ್ದಿದ್ದು ವೋಟಲ್ಲ, ಮನೆ.

ಹಾಗಾಗಿ ನಾನು ಕೇಳೋದು ಇಷ್ಟು. ಮುಂದಿನ ಅಧಿವೇಶನದಲ್ಲಿ ನಿಮ್ಮಲ್ಲಿ ಒಬ್ಬರು, ಯಾವ ಪಕ್ಷದೋರಾದ್ರೂ ಸರಿ, ಸಚಿವರು ಸದನದಲ್ಲೇ ಉತ್ತರ ಕೊಡಬೇಕಾದ ಚುಕ್ಕೆ ಗುರುತಿನ ಪ್ರಶ್ನೆ ಹಾಕಿ, 2024ರ ಆಗಸ್ಟಿನ ಆರೋಗ್ಯ ಸಚಿವಾಲಯದ ಪತ್ರ, ರೇಷನ್ ಕಾರ್ಡಿನ ಸೂಚನೆ ಇವೆರಡರ ಮೇಲೆ ರಾಜ್ಯ ಏನು ಕ್ರಮ ತಗೊಂಡಿದೆ ಅಂತ ಕೇಳಿ. ಉತ್ತರ ಸದನದ ದಾಖಲೇಲಿ ಬರಲಿ. ಆರೋಗ್ಯ ಸಚಿವರು ಸರ್ಕಾರಿ ಮತ್ತು ಖಾಸಗಿ ಆಸ್ಪತ್ರೆ ಎರಡಕ್ಕೂ ಅನ್ವಯ ಆಗೋ ಹಾಗೆ, ರೋಗಿ ಹೆಸರಿಸಿದ ವ್ಯಕ್ತಿನ ಒಪ್ಕೋಬೇಕು ಅಂತ ಆದೇಶ ಹೊರಡಿಸ್ಲಿ, ಅದನ್ನ ಕನ್ನಡದಲ್ಲಿ ಪ್ರತಿ ಅಡ್ಮಿಷನ್ ಕೌಂಟರಲ್ಲಿ ಅಂಟಿಸ್ಲಿ. ಗೃಹ ಇಲಾಖೆ ವಯಸ್ಕ ಜೋಡಿಗಳನ್ನ ಅವರ ಇಷ್ಟದ ವಿರುದ್ಧ ಮನೆಯೋರಿಗೆ ಒಪ್ಪಿಸ್ಬಾರದು ಅಂತ ಎಲ್ಲಾ ಠಾಣೆಗೆ ಸುತ್ತೋಲೆ ಕಳಿಸ್ಲಿ, ತಮಿಳುನಾಡಿನ ಥರ ನಡತೆ ನಿಯಮ ತಿದ್ದಲಿ. ವೈದ್ಯಕೀಯ ಪರಿಷತ್ತು ಆ ಚಿಕಿತ್ಸೆ ಮಾಡೋರ ಮೇಲೆ ದೂರು ತಗೊಳ್ಳೋಕೆ ಸುಲಭದ ದಾರಿ ಮಾಡ್ಲಿ, ದೂರು ಕೊಟ್ಟೋರ ಹೆಸರು ಹೊರಗೆ ಬರದ ಹಾಗೆ. ಮದುವೆನೋ, ಅಥವಾ ಬೇರೆ ಹೆಸರಿನ ಕಾನೂನಿನ ಮಾನ್ಯತೆನೋ, ಸಂಸತ್ತು ಕಾಯ್ದೆ ತರಬೇಕು ಅಂತ ವಿಧಾನಸಭೇಲಿ ಒಂದು ನಿರ್ಣಯ ತನ್ನಿ, ಸೋತ್ರೂ ಪರವಾಗಿಲ್ಲ, ಯಾರು ಎದ್ದು ನಿಂತ್ರು ಅಂತ ನಮಗೆ ಗೊತ್ತಾಗ್ಲಿ. ಪಾಲಿಕೆಗೆ ನಿಲ್ಲೋರು ನಿಮ್ಮ ಕರಪತ್ರದಲ್ಲಿ, ಕನ್ನಡದಲ್ಲಿ, ನಿಮ್ಮ ವಾರ್ಡಲ್ಲಿ ಮನೆ ಬಾಡಿಗೆಗೆ ಕೇಳಿ ಬಂದ ಇಬ್ಬರು ಗಂಡಸರನ್ನೋ ಇಬ್ಬರು ಹೆಂಗಸರನ್ನೋ ಓಡಿಸೋದು ತಪ್ಪು ಅಂತ ಬರೀರಿ.

ಇದರಲ್ಲಿ ಯಾವುದಕ್ಕೂ ದೊಡ್ಡ ಬಜೆಟ್ ಬೇಡ. ಸುತ್ತೋಲೆಗಳಿಗಂತೂ ಬಹುಮತವೂ ಬೇಡ, ಒಬ್ಬ ಸಚಿವರ ಸಹಿ ಸಾಕು.

ನಮ್ಮ ಮುಂದಿನ ಕಾರ್ಯಕ್ರಮಕ್ಕೂ ನಿಮ್ಮನ್ನ ಕರೀತೀವಿ, ಬನ್ನಿ, ನಮ್ಮ ಜೊತೆ ನಡೀರಿ. ಬರೋವಾಗ ಇದರಲ್ಲಿ ಯಾವುದು ಆಗಿದೆಯೋ ಆ ಆದೇಶದ ಪ್ರತಿ ತನ್ನಿ, ಆಗಿಲ್ಲ ಅಂದ್ರೆ ಯಾವ ಇಲಾಖೇಲಿ, ಯಾರ ಟೇಬಲಲ್ಲಿ ಫೈಲ್ ನಿಂತಿದೆ ಅಂತ ಮೈಕಲ್ಲಿ ಹೇಳಿ. ಅಲ್ಲಿಂದ ಮುಂದಕ್ಕೆ ಅದರ ಬೆನ್ನು ಹತ್ತೋಕೆ ನಾವು ನಿಮ್ಮ ಜೊತೆ ಬರ್ತೀವಿ, ಸಚಿವಾಲಯದ ಯಾವ ಮಹಡಿಗಾದ್ರೂ ಸರಿ.

ನಿಮ್ಮ ಉತ್ತರಕ್ಕೆ ಕಾಯ್ತಾ,

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರ
ಬೆಂಗಳೂರು